ಎಫ್‌ಎಂಜಿಇಗೆ ಯಾವ್ದು ಮೊದ್ಲು ಓದ್ಬೇಕು, ಯಾವ್ದು ಕೊನೆಗಿಟ್ರೂ ನಡಿಯುತ್ತೆ

ಹೊರದೇಶದಲ್ಲಿ ಎಂಬಿಬಿಎಸ್ ಮುಗಿಸ್ಕೊಂಡು ಬಂದವ್ರು ಇಲ್ಲಿ ಡಾಕ್ಟರ್ ಆಗೋಕೆ ಪಾಸ್ ಮಾಡ್ಬೇಕಾದ ಎಫ್‌ಎಂಜಿಇ ಪರೀಕ್ಷೆಗೆ ಓದೋಕೆ ಕೂತಾಗ ಬಹಳಷ್ಟು ಜನ ಮೊದ್ಲು ಕೈಗೆ ತಗೊಳ್ಳೋದು ಅನಾಟಮಿ. ಯಾಕೆ ಅಂದ್ರೆ ಫಸ್ಟ್ ಇಯರ್‌ನಲ್ಲಿ ಅದೇ ಮೊದ್ಲು ಇತ್ತು, ಅಷ್ಟೇ ಕಾರಣ. ಅಪ್ಪರ್ ಲಿಂಬ್, ಲೋವರ್ ಲಿಂಬ್, ಅಬ್ಡೊಮೆನ್ ಅಂತ ಒಂದು ತಿಂಗಳು ಹೋಗುತ್ತೆ, ಆಮೇಲೆ ಬಯೋಕೆಮಿಸ್ಟ್ರಿ ಸೈಕಲ್‌ಗಳು, ಫಿಸಿಯಾಲಜಿ, ಹಂಗೇ ಹೋಗ್ತಾ ಹೋಗ್ತಾ ಮೆಡಿಸಿನ್ನು ಸರ್ಜರಿ ಒಬಿಜಿ (ಹೆರಿಗೆ, ಸ್ತ್ರೀರೋಗ) ಬರೋ ಹೊತ್ತಿಗೆ ಎಕ್ಸಾಮ್‌ಗೆ ಮೂರು ವಾರ ಉಳಿದಿರುತ್ತೆ, ಪಿಎಸ್‌ಎಂ, ಅಂದ್ರೆ ಸಾರ್ವಜನಿಕ ಆರೋಗ್ಯದ ಸಬ್ಜೆಕ್ಟ್ ಅಂತೂ ಮುಟ್ಟೇ ಇರಲ್ಲ. ಚೆನ್ನಾಗಿ ಓದೋ ಹುಡುಗ್ರು ಹುಡುಗೀರೇ ಹೀಗೆ ಓದೋ ಕ್ರಮ ತಪ್ಪಿ ಫೇಲ್ ಆಗೋದನ್ನ ನೋಡಿದ್ರೆ ಸಂಕಟ ಆಗುತ್ತೆ, ಮನೇಲಿ ಸಾಲ ಮಾಡಿ ಕಳ್ಸಿರ್ತಾರೆ, ಊರಲ್ಲಿ ಆಗ್ಲೇ ಡಾಕ್ಟ್ರು ಬಂದ್ರು ಅಂತಿರ್ತಾರೆ. ಅದಕ್ಕೇ ಇದನ್ನ ಸ್ವಲ್ಪ ಉದ್ದವಾಗೇ ಬರೀತಿದೀನಿ.

ಮೊದ್ಲು ಎಕ್ಸಾಮ್ ಹೆಂಗಿದೆ ಅನ್ನೋದು ತಲೇಲಿ ಕೂರ್ಬೇಕು. 2002ರ ಸ್ಕ್ರೀನಿಂಗ್ ಟೆಸ್ಟ್ ನಿಯಮದ ಪ್ರಕಾರ ನಡೆಯೋ ಪರೀಕ್ಷೆ ಇದು, ಎನ್‌ಬಿಇಎಂಎಸ್ ಅನ್ನೋ ರಾಷ್ಟ್ರೀಯ ಪರೀಕ್ಷಾ ಮಂಡಳಿ ವರ್ಷಕ್ಕೆ ಎರಡು ಸಲ ಮಾಡುತ್ತೆ. ಒಟ್ಟು 300 ಪ್ರಶ್ನೆ, 300 ಮಾರ್ಕ್ಸು, ಒಂದೇ ದಿನ ಎರಡು ಪಾರ್ಟು, ಒಂದೊಂದಕ್ಕೆ 150 ಪ್ರಶ್ನೆ 150 ನಿಮಿಷ. ನೆಗೆಟಿವ್ ಮಾರ್ಕಿಂಗ್ ಇಲ್ಲ. 150 ಬಂದ್ರೆ ಪಾಸ್. ರ‍್ಯಾಂಕ್ ಇಲ್ಲ, 151 ತಗೊಂಡವ್ರಿಗೂ 240 ತಗೊಂಡವ್ರಿಗೂ ಸಿಗೋ ಪಾಸ್ ಸರ್ಟಿಫಿಕೇಟ್ ಒಂದೇ, ಇಬ್ರೂ ಅದೇ ಇಂಟರ್ನ್‌ಶಿಪ್ ಮಾಡ್ತಾರೆ. ಹಾಗಾಗಿ ಎಲ್ಲಾನೂ ಓದಿ ಮುಗಿಸೋ ಹಟ ಇಲ್ಲಿ ಬೇಡ, ಬೇಕಾಗಿರೋದು ಭದ್ರವಾದ 150, ಕೈ ತಪ್ಪೋದಕ್ಕೆ ಒಂದಿಪ್ಪತ್ತು ಸೇರಿಸಿ 170 ಅಂದ್ಕೊಳ್ಳಿ. ನೀಟ್ ಪಿಜಿಗೆ ಓದೋ ಫ್ರೆಂಡ್ ಏನು ಮಾಡ್ತಿದಾನೆ ಅಂತ ನೋಡಿ ಓದಿದ್ರೆ ಲೆಕ್ಕ ತಪ್ಪುತ್ತೆ, ಅವನದು ರ‍್ಯಾಂಕ್ ಓಟ.

ಈಗ ಮಾರ್ಕ್ಸ್ ಹಂಚಿಕೆ. ಇದು ಎನ್‌ಬಿಇಎಂಎಸ್‌ನವ್ರ ಇನ್ಫರ್ಮೇಷನ್ ಬುಲೆಟಿನ್‌ನಲ್ಲೇ ಇರುತ್ತೆ, ಆದ್ರೆ ಅಪ್ಲಿಕೇಷನ್ ಹಾಕೋವಾಗ ಅದನ್ನ ಯಾರೂ ಓದಲ್ಲ. ಜನರಲ್ ಮೆಡಿಸಿನ್ 33, ಜನರಲ್ ಸರ್ಜರಿ 32, ಒಬಿಜಿ 30, ಪಿಎಸ್‌ಎಂ 30. ಪೀಡಿಯಾಟ್ರಿಕ್ಸ್ (ಮಕ್ಕಳು), ಆಫ್ತಾಲ್ (ಕಣ್ಣು), ಇಎನ್‌ಟಿ (ಕಿವಿ ಮೂಗು ಗಂಟಲು) ತಲಾ 15. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ತಲಾ 17. ಪೆಥಾಲಜಿ, ಮೈಕ್ರೋ, ಫಾರ್ಮಾ ತಲಾ 13. ಫೊರೆನ್ಸಿಕ್ 10. ಆಮೇಲೆ ಸೈಕಿಯಾಟ್ರಿ, ಡರ್ಮಾ, ರೇಡಿಯೋಥೆರಪಿ, ಆರ್ಥೋ, ಅನಸ್ತೇಷಿಯಾ, ರೇಡಿಯೋಡಯಾಗ್ನೋಸಿಸ್ ಈ ಆರಕ್ಕೆ ತಲಾ 5. ಇದನ್ನ ಒಂದು ಹಾಳೆ ಮೇಲೆ ದಪ್ಪಗೆ ಬರ್ದು ಟೇಬಲ್ ಮುಂದೆ ಅಂಟಿಸ್ಕೊಳ್ಳಿ.

ಹಾಳೆ ನೋಡ್ತಾ ಒಂದು ಲೆಕ್ಕ ಹಾಕಿ. ಮೆಡಿಸಿನ್, ಸರ್ಜರಿ, ಒಬಿಜಿ, ಪಿಎಸ್‌ಎಂ ನಾಲ್ಕೂ ಸೇರಿ 125. ಅದ್ರಲ್ಲಿ 60 ಪರ್ಸೆಂಟ್ ಬಂದ್ರೆ 75. ಪೀಡ್ಸ್, ಆಫ್ತಾಲ್, ಇಎನ್‌ಟಿ ಸೇರಿ 45, ಅದ್ರಲ್ಲಿ 27. ಪೆಥಾಲಜಿ ಮೈಕ್ರೋ ಫಾರ್ಮಾ 39ರಲ್ಲಿ 23. ಫೊರೆನ್ಸಿಕ್‌ನಲ್ಲಿ 7, ಸಣ್ಣ ಸಬ್ಜೆಕ್ಟ್ ಆರರಲ್ಲಿ ಅರ್ಧ ಅಂದ್ರೆ 15. ಕೂಡಿದ್ರೆ 147. ಇನ್ನೂ ಅನಾಟಮಿ ಫಿಸಿಯಾಲಜಿ ಬಯೋಕೆಮಿಸ್ಟ್ರಿ ಮುಟ್ಟೇ ಇಲ್ಲ ನೋಡಿ, ಆ 51 ಪ್ರಶ್ನೆಗೆ ಕಣ್ಮುಚ್ಚಿ ಟಿಕ್ ಮಾಡಿದ್ರೂ ನಾಲ್ಕು ಆಪ್ಷನ್‌ನಲ್ಲಿ ಒಂದು ಅಂತ ಸರಾಸರಿ ಹನ್ನೆರಡು ಹದಿಮೂರು ಬರುತ್ತೆ. ಅವನ್ನ ಬಿಟ್ಬಿಡಿ ಅಂತ ಹೇಳ್ತಿಲ್ಲ, ಅದ್ರ ಬಗ್ಗೆ ಮುಂದೆ ಹೇಳ್ತೀನಿ, ಆದ್ರೆ ಮೊದಲ ಎರಡು ತಿಂಗಳು ಅದಕ್ಕೇ ಸುರಿಯೋದು ಯಾಕೆ ದುಬಾರಿ ಅಂತ ಈ ಲೆಕ್ಕದಿಂದ ಗೊತ್ತಾಗುತ್ತೆ.

ಪುಸ್ತಕ ತೆಗೆಯೋಕೂ ಮುಂಚೆ ಒಂದು ಪೂರ್ತಿ 300 ಪ್ರಶ್ನೆ ಮಾಕ್ ಟೆಸ್ಟ್ ಬರೀರಿ. ಏನೂ ಓದಿಲ್ಲ ಈಗ್ಲೇ ಯಾಕೆ ಅಂತ ಎಲ್ರೂ ಕೇಳ್ತಾರೆ. ಓದಿಲ್ದೆ ಇರೋವಾಗ ಬರೆದ್ರೇನೇ ನಿಮ್ಮ ಕಾಲೇಜು ನಿಮಗೆ ಏನು ಕೊಟ್ಟಿದೆ ಏನು ಕೊಟ್ಟಿಲ್ಲ ಅಂತ ತಿಳಿಯೋದು. ಬರೆಯೋವಾಗ ಪ್ರತಿ ಪ್ರಶ್ನೆ ಪಕ್ಕ ಒಂದು ಗುರುತು ಹಾಕಿ, ಖಚಿತವಾಗಿ ಗೊತ್ತಿದ್ರೆ ಒಂದು, ಎರಡು ಆಪ್ಷನ್ ಮಧ್ಯೆ ಒದ್ದಾಡಿದ್ರೆ ಇನ್ನೊಂದು, ಏನೂ ಗೊತ್ತಿಲ್ಲ ಅಂದ್ರೆ ಮತ್ತೊಂದು. ಆ ನಡುವಿನ ಗುರುತು ಇದ್ಯಲ್ಲ, ಎರಡರ ಮಧ್ಯೆ ಒದ್ದಾಡಿದ್ದು, ಅಲ್ಲೇ ನಿಮ್ಮ ಅತಿ ಸುಲಭದ ಮಾರ್ಕ್ಸ್ ಇರೋದು, ಯಾಕಂದ್ರೆ ಆ ಟಾಪಿಕ್ ನೀವು ಯಾವಾಗ್ಲೋ ಓದಿದೀರಿ, ಅರ್ಧ ಮರ್ತಿದೀರಿ, ಒಂದು ಗಂಟೆ ಕೂತ್ರೆ ವಾಪಸ್ ಬರುತ್ತೆ. ಏನೂ ಗೊತ್ತಿಲ್ದೆ ಇರೋ ಟಾಪಿಕ್‌ಗೆ ಇಡೀ ದಿನ ಬೇಕಾಗಬಹುದು. ಸಬ್ಜೆಕ್ಟ್‌ವಾರು ಈ ಮೂರನ್ನೂ ಎಣಿಸಿ ಅದೇ ಹಾಳೆ ಮೇಲೆ ಬರ್ಕೊಳ್ಳಿ. ಇನ್ನೂ ಒಂದು ಅಂಕಿ ಬೇಕು, ಆ ಸಬ್ಜೆಕ್ಟ್ ಒಂದು ಸುತ್ತು ಮುಗಿಸೋಕೆ ನಿಮಗೆ ಎಷ್ಟು ದಿನ ಬೇಕು ಅನ್ನೋದು. ಮಾರ್ಕ್ಸನ್ನ ದಿನದಿಂದ ಭಾಗಿಸಿ. ಇಎನ್‌ಟಿ ಐದು ದಿನದಲ್ಲಿ ಮುಗಿಯುತ್ತೆ ಅಂದ್ರೆ ದಿನಕ್ಕೆ 3 ಮಾರ್ಕ್ಸ್, ಅನಾಟಮಿಗೆ ಹದಿನೇಳು ದಿನ ಹಿಡಿದ್ರೆ ದಿನಕ್ಕೆ 1. ಓದೋ ಕ್ರಮ ಅಲ್ಲೇ ಸಿಕ್ತು.

ಹೀಗೆ ಲೆಕ್ಕ ಹಾಕಿದ್ರೆ ಹೊರಗಡೆ ಓದಿದವ್ರಿಗೆ ಹೆಚ್ಚುಕಮ್ಮಿ ಯಾವಾಗ್ಲೂ ಮೇಲೆ ಬರೋದು ಪಿಎಸ್‌ಎಂ. 30 ಮಾರ್ಕ್ಸು, ಮತ್ತೆ ನಿಮ್ಮ ಕಾಲೇಜಲ್ಲಿ ಅದ್ರ ನಮ್ಮ ದೇಶದ ಭಾಗ ಹೇಳ್ಕೊಟ್ಟಿರೋಕೆ ಸಾಧ್ಯಾನೇ ಇಲ್ಲ, ರಷ್ಯಾದಲ್ಲೋ ಜಾರ್ಜಿಯಾದಲ್ಲೋ ಫಿಲಿಪ್ಪೀನ್ಸ್‌ನಲ್ಲೋ ಪಬ್ಲಿಕ್ ಹೆಲ್ತ್ ಪಾಠ ಮಾಡಿರ್ತಾರೆ ನಿಜ, ಆದ್ರೆ ನಮ್ಮ ಉಪಕೇಂದ್ರಕ್ಕೆ ಎಷ್ಟು ಜನಸಂಖ್ಯೆ, ಆಶಾ ಕಾರ್ಯಕರ್ತೆ ಎಷ್ಟು ಜನಕ್ಕೆ ಒಬ್ರು ಅಂತ ಅವ್ರು ಯಾಕೆ ಹೇಳ್ತಾರೆ? ಬಯಲು ಪ್ರದೇಶದಲ್ಲಿ ಉಪಕೇಂದ್ರ 5,000 ಜನಕ್ಕೆ, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) 30,000ಕ್ಕೆ, ಸಿಎಚ್‌ಸಿ (ಸಮುದಾಯ ಆರೋಗ್ಯ ಕೇಂದ್ರ) 1,20,000ಕ್ಕೆ, ಗುಡ್ಡಗಾಡಲ್ಲಿ 3,000, 20,000, 80,000. ಆಶಾ ಹಳ್ಳೀಲಿ ಸಾವಿರಕ್ಕೆ ಒಬ್ರು. ಗರ್ಭಿಣಿಗೆ ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, 180 ದಿನ. ಮಕ್ಕಳಿಗೆ ವಿಟಮಿನ್ ಎ 9 ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಆರಾರು ತಿಂಗಳಿಗೆ 2 ಲಕ್ಷ, ಐದು ವರ್ಷದವರೆಗೆ ಒಟ್ಟು ಒಂಬತ್ತು ಡೋಸ್. ಆಸ್ಪತ್ರೆ ಕಸದಲ್ಲಿ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ, ಸೂಜಿ ಬ್ಲೇಡು ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ, ದೇಹದ ಭಾಗ ಮತ್ತೆ ರಕ್ತ ಹತ್ತಿದ ಹತ್ತಿ ಬಟ್ಟೆ ಹಳದಿಗೆ. ಇವೆಲ್ಲಾ ಅರ್ಥ ಮಾಡ್ಕೊಳ್ಳೋ ವಿಷಯ ಅಲ್ಲ, ನೆನಪಿಟ್ಕೊಳ್ಳೋದು, ಗೊತ್ತಿದ್ರೆ ಹತ್ತು ಸೆಕೆಂಡಿಗೆ ಮಾರ್ಕ್ಸ್.

ಊರಲ್ಲೇ ಇದ್ದು ಓದ್ತಿರೋರಿಗೆ ಒಂದು ಮಾತು, ಹತ್ರದ ಪಿಎಚ್‌ಸಿಗೆ ಲಸಿಕೆ ಹಾಕೋ ದಿನ ಒಂದು ಬೆಳಗ್ಗೆ ಹೋಗಿ ಕೂತು ಬನ್ನಿ. ಯಾರದಾದ್ರೂ ತಾಯಿ ಕಾರ್ಡ್ ಕೇಳಿ ನೋಡಿ, ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ, ಆಮೇಲೆ 6, 10, 14 ವಾರಕ್ಕೆ ಪೆಂಟಾವಲೆಂಟ್, 9 ತಿಂಗಳಿಗೆ ಎಂಆರ್ (ದಡಾರ ರುಬೆಲ್ಲಾ), ಎಲ್ಲಾ ಅದ್ರಲ್ಲೇ ಸಾಲಾಗಿ ಇರುತ್ತೆ, ಲಸಿಕೆ ಹಾಕೋ ಎಎನ್‌ಎಂ (ನರ್ಸ್) ಅಕ್ಕ ಯಾವ ಸೂಜಿ ಎಲ್ಲಿ ಕೊಡ್ತಾರೆ ಅಂತ ಕಣ್ಣಾರೆ ನೋಡಿದ್ರೆ ಮತ್ತೆ ಮರೆಯಲ್ಲ. ಚುಚ್ಚೋ ಪೋಲಿಯೋ ಲಸಿಕೆಗೆ 9 ತಿಂಗಳ ಮೂರನೇ ಡೋಸ್ 2023ರಿಂದ ಸೇರಿದೆ, ಹಳೇ ನೋಟ್ಸ್‌ನಲ್ಲಿ ಎರಡೇ ಇರುತ್ತೆ, ತಿದ್ಕೊಳ್ಳಿ.

ಪಿಎಸ್‌ಎಂನ ಇನ್ನೊಂದು ಅರ್ಧ ಎಪಿಡೆಮಿಯಾಲಜಿ, ಬಯೋಸ್ಟಾಟ್ಸ್. ಇದು ಬಾಯಿಪಾಠ ಮಾಡಿದ್ರೆ ಬರಲ್ಲ, ಟೂ ಬೈ ಟೂ ಟೇಬಲ್ ಹಾಕಿ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ, ಪ್ರೆಡಿಕ್ಟಿವ್ ವ್ಯಾಲ್ಯೂ ಲೆಕ್ಕ ಇಪ್ಪತ್ತು ಮೂವತ್ತು ಸಲ ಮಾಡಿ ಕೈಗೆ ರೂಢಿ ಆಗ್ಬೇಕು. ಕೇಸ್ ಕಂಟ್ರೋಲ್ ಸ್ಟಡಿ ಅಂದ್ರೆ ಆಡ್ಸ್ ರೇಷಿಯೋ, ಕೋಹಾರ್ಟ್ ಅಂದ್ರೆ ರಿಲೇಟಿವ್ ರಿಸ್ಕ್, ಕಾಯಿಲೆ ಜಾಸ್ತಿ ಇರೋ ಕಡೆ ಪಾಸಿಟಿವ್ ಪ್ರೆಡಿಕ್ಟಿವ್ ವ್ಯಾಲ್ಯೂ ಏರುತ್ತೆ, ಇಷ್ಟು ಗಟ್ಟಿ ಇದ್ರೆ ಪ್ರಶ್ನೆ ತಿರುಚಿ ಕೇಳಿದ್ರೂ ಸಿಗುತ್ತೆ.

ಫೊರೆನ್ಸಿಕ್ ಕೂಡ ಇದೇ ಜಾತಿ, ಅದ್ರಲ್ಲೂ ನಮ್ಮ ದೇಶದ ಕಾನೂನು ಬಹಳ, 10 ಮಾರ್ಕ್ಸು, ನಾಲ್ಕೈದು ದಿನ ಸಾಕು. ಆದ್ರೆ ನೋಟ್ಸ್ ಯಾವ ಕಾಲದ್ದು ಅಂತ ಮೊದ್ಲು ನೋಡಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂದಿದೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ. ಕೊಲೆಗೆ ಶಿಕ್ಷೆ ಐಪಿಸಿ 302 ಇದ್ದಿದ್ದು ಈಗ ಬಿಎನ್‌ಎಸ್ 103, ನಿರ್ಲಕ್ಷ್ಯದಿಂದ ಸಾವು 304ಎ ಇದ್ದಿದ್ದು 106, ವರದಕ್ಷಿಣೆ ಸಾವು 304ಬಿ ಇದ್ದಿದ್ದು 80, ಗ್ರೀವಿಯಸ್ ಹರ್ಟ್ 320 ಇದ್ದಿದ್ದು 116, ಪೊಲೀಸ್ ಇನ್‌ಕ್ವೆಸ್ಟ್ 174 ಇದ್ದಿದ್ದು ಬಿಎನ್‌ಎಸ್‌ಎಸ್ 194. ಸೀನಿಯರ್ ಕೊಟ್ಟ ಹಳೇ ಪಿಡಿಎಫ್ ಓದಿ ಹೋದ್ರೆ ಗೊತ್ತಿರೋ ಪ್ರಶ್ನೇನೇ ತಪ್ಪಾಗುತ್ತೆ. ಗರ್ಭಪಾತದ ಕಾಯ್ದೆಯ 2021ರ ತಿದ್ದುಪಡಿ ಕೂಡ, 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು, 20ರಿಂದ 24 ವಾರ ಕೆಲವು ವರ್ಗದ ಮಹಿಳೆಯರಿಗೆ ಮಾತ್ರ, ಅದಕ್ಕೆ ಇಬ್ಬರು ಬೇಕು. ಇದು ಒಬಿಜಿಯಲ್ಲೂ ಕೇಳ್ತಾರೆ.

ಆಮೇಲೆ ಇಎನ್‌ಟಿ, ಆಫ್ತಾಲ್. ಇವೆರಡೂ ಸೇರಿದ್ರೆ 30, ಅಂದ್ರೆ ಒಬಿಜಿಯಷ್ಟೇ ತೂಕ, ಓದೋಕೆ ಅದ್ರ ಅರ್ಧ ಸಮಯ. ಟ್ಯೂನಿಂಗ್ ಫೋರ್ಕ್ ಟೆಸ್ಟ್, ಆಡಿಯೋಗ್ರಾಮ್, ಕೊಲೆಸ್ಟಿಯಟೋಮಾ, ಓಟೋಸ್ಕ್ಲೆರೋಸಿಸ್, ಮೂಗಲ್ಲಿ ರಕ್ತ ಬರೋದು, ಲ್ಯಾರಿಂಕ್ಸ್ ನರ್ವ್ ಪಾಲ್ಸಿ, ಟ್ರೆಕಿಯಾಸ್ಟಮಿ. ಕಣ್ಣಲ್ಲಿ ಕ್ಯಾಟರಾಕ್ಟ್, ಗ್ಲಾಕೋಮಾ, ಕಾರ್ನಿಯಲ್ ಅಲ್ಸರ್, ಫಂಡಸ್ ಚಿತ್ರಗಳು, ವಿಷುಯಲ್ ಪಾಥ್‌ವೇ. ಇಷ್ಟೇ ಚಿತ್ರ ಸಮೇತ ನೋಡ್ಕೊಳ್ಳಿ. ಪೀಡ್ಸ್‌ನಲ್ಲಿ ಬೆಳವಣಿಗೆಯ ಮೈಲಿಗಲ್ಲು, ನವಜಾತ ಶಿಶುವಿನ ರಿಸಸಿಟೇಷನ್, ಹುಟ್ಟು ಹೃದ್ರೋಗ, ಅಪೌಷ್ಟಿಕತೆ, ಲಸಿಕೆ, ಕೊನೇ ಎರಡು ಹೆಂಗೂ ಪಿಎಸ್‌ಎಂನಲ್ಲಿ ಓದಿರ್ತೀರಿ.

ಮೆಡಿಸಿನ್, ಸರ್ಜರಿ, ಒಬಿಜಿ ಸಮುದ್ರ, ಇವುಗಳ ಒಳಗೇ ಮತ್ತೆ ಆರಿಸ್ಬೇಕು, ಇಲ್ಲಾಂದ್ರೆ ಮುಗಿಯಲ್ಲ. ಆರಿಸೋಕೆ ಒಂದು ಒಳ್ಳೆ ದಾರಿ ಇದೆ. ಈ ಪರೀಕ್ಷೆ ನಿಮ್ಮನ್ನ ನಾಳೆ ಇಂಟರ್ನ್ ಆಗಿ ಕ್ಯಾಶುವಾಲ್ಟೀಲಿ ನಿಲ್ಲಿಸ್ಬಹುದಾ ಅಂತ ನೋಡೋದು, ಹಾಗಾಗಿ ರಾತ್ರಿ ಡ್ಯೂಟೀಲಿ ಎದುರಿಗೆ ಬರೋ ಕಾಯಿಲೆ ಯಾವ್ದು ಅಂತ ಕೇಳ್ಕೊಳ್ಳಿ. ಎದೆನೋವು ಮತ್ತೆ ಇಸಿಜಿ, ಸ್ಟ್ರೋಕ್, ಡಯಾಬಿಟಿಕ್ ಕೀಟೋಆಸಿಡೋಸಿಸ್, ಪೊಟ್ಯಾಸಿಯಂ ಏರಿದ್ದು ಇಳಿದಿದ್ದು, ಎಬಿಜಿ (ರಕ್ತದ ಗ್ಯಾಸ್ ರಿಪೋರ್ಟ್) ಓದೋದು, ಆಸ್ತಮಾ, ಫಿಟ್ಸ್, ಕೀಟನಾಶಕ ಕುಡಿದು ಬಂದವ್ರಿಗೆ ಅಟ್ರೋಪಿನ್. ಸರ್ಜರೀಲಿ ಟ್ರಾಮಾ, ಗ್ಲಾಸ್ಗೋ ಕೋಮಾ ಸ್ಕೇಲ್, ಸುಟ್ಟಗಾಯಕ್ಕೆ ರೂಲ್ ಆಫ್ ನೈನ್ ಮತ್ತೆ ಪಾರ್ಕ್‌ಲ್ಯಾಂಡ್ ಲೆಕ್ಕ, ಅಪೆಂಡಿಕ್ಸ್, ಹರ್ನಿಯಾ, ಥೈರಾಯ್ಡ್, ಬ್ರೆಸ್ಟ್, ಪಿತ್ತಕೋಶದ ಕಲ್ಲು. ಒಬಿಜಿಯಲ್ಲಿ ಹೆರಿಗೆಯ ಹಂತಗಳು, ಪಾರ್ಟೋಗ್ರಾಫ್, ಹೆರಿಗೆ ಆದ್ಮೇಲಿನ ರಕ್ತಸ್ರಾವ, ಎಕ್ಲಾಂಪ್ಸಿಯಾಗೆ ಮೆಗ್ನೀಷಿಯಂ ಸಲ್ಫೇಟ್ ಡೋಸ್ ಮತ್ತೆ ಅದು ಜಾಸ್ತಿ ಆದ್ರೆ ಕ್ಯಾಲ್ಸಿಯಂ ಗ್ಲುಕೋನೇಟ್, ಎಕ್ಟೋಪಿಕ್, ಗರ್ಭನಿರೋಧಕಗಳು, ಸರ್ವಿಕ್ಸ್ ಕ್ಯಾನ್ಸರ್. ಇವನ್ನ ಮುಗಿಸಿ ಎಂಸಿಕ್ಯೂ ಮಾಡಿದ್ಮೇಲೆ ಟೈಮ್ ಉಳಿದ್ರೆ ಅಪರೂಪದ ಸಿಂಡ್ರೋಮ್‌ಗಳ ಕಡೆ ಹೋಗಿ. 2022ರಲ್ಲಿ ಉಕ್ರೇನ್‌ನಿಂದ ಯುದ್ಧದ ಮಧ್ಯೆ ಬಂದು ಕ್ಲಿನಿಕಲ್ ವರ್ಷಗಳನ್ನ ಆನ್‌ಲೈನ್‌ನಲ್ಲಿ ಕಳೆದವ್ರು ಈ ಮೂರಕ್ಕೆ ಬೇರೆಯವ್ರಿಗಿಂತ ಜಾಸ್ತಿ ದಿನ ಇಟ್ಕೊಳ್ಳಿ, ರೋಗಿಯನ್ನ ನೋಡದೆ ಓದಿದ್ದು ಕೇಸ್ ರೂಪದ ಪ್ರಶ್ನೆ ಬಂದಾಗ ಕೈ ಕೊಡುತ್ತೆ.

ಇನ್ನೊಂದು, ಇದು ನನಗೆ ತುಂಬಾ ಮುಖ್ಯ ಅನ್ಸೋದು. ಸಬ್ಜೆಕ್ಟ್ ಹಿಡಿದು ಓದೋದ್ರ ಜೊತೆಗೆ ಕೆಲವು ಕಾಯಿಲೆಗಳನ್ನ ಎಲ್ಲಾ ಸಬ್ಜೆಕ್ಟ್ ದಾಟಿಸಿ ಒಂದೇ ದಿನ ಓದಿ. ಟಿಬಿ ತಗೊಳ್ಳಿ. ಮೈಕ್ರೋದಲ್ಲಿ ಬ್ಯಾಕ್ಟೀರಿಯಾ ಮತ್ತೆ ಸ್ಟೇನಿಂಗ್, ಪೆಥಾಲಜೀಲಿ ಕೇಸಿಯಸ್ ನೆಕ್ರೋಸಿಸ್, ಫಾರ್ಮಾದಲ್ಲಿ ಯಾವ ಔಷಧಿಗೆ ಕಣ್ಣು ಕೆಡುತ್ತೆ ಯಾವುದಕ್ಕೆ ಲಿವರ್, ಪಿಎಸ್‌ಎಂನಲ್ಲಿ ರಾಷ್ಟ್ರೀಯ ಕಾರ್ಯಕ್ರಮ, 2 ತಿಂಗಳು ನಾಲ್ಕು ಔಷಧಿ ಆಮೇಲೆ 4 ತಿಂಗಳು ಮೂರು, ಆರ್ಥೋದಲ್ಲಿ ಬೆನ್ನುಮೂಳೆ ಟಿಬಿ, ರೇಡಿಯಾಲಜೀಲಿ ಎಕ್ಸ್‌ರೇ, ಪೀಡ್ಸ್‌ನಲ್ಲಿ ಮೆನಿಂಜೈಟಿಸ್. ಒಂದು ದಿನ ಕೂತ್ರೆ ಏಳು ಸಬ್ಜೆಕ್ಟಲ್ಲೂ ಟಿಬಿ ಹೆಚ್ಚುಕಮ್ಮಿ ಮುಗೀತು. ಡಯಾಬಿಟಿಸ್, ಥೈರಾಯ್ಡ್, ಎಚ್‌ಐವಿ, ಮಲೇರಿಯಾ, ರಕ್ತಹೀನತೆ ಹೀಗೇ ಓದಬಹುದು. ಹಾವು ಕಡಿತನೂ ಅಷ್ಟೇ, ನಾಗರಹಾವು ಮತ್ತೆ ಕಟ್ಟುಹಾವಿನ ವಿಷ ನರಕ್ಕೆ, ಕೊಳಕುಮಂಡಲ ಮತ್ತೆ ಗರಗಸ ಮಂಡಲದ್ದು ರಕ್ತಕ್ಕೆ, ನಾಲ್ಕಕ್ಕೂ ಒಂದೇ ಪಾಲಿವೇಲೆಂಟ್ ಆಂಟಿವೆನಮ್, ಫೊರೆನ್ಸಿಕ್‌ನಲ್ಲೂ ಬರುತ್ತೆ ಮೆಡಿಸಿನ್‌ನಲ್ಲೂ ಬರುತ್ತೆ. ನಮ್ಮ ಮಂಗನ ಕಾಯಿಲೆ ಮರೀಬೇಡಿ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಗುರುತಿಸಿದ್ದು, ಫ್ಲೇವಿವೈರಸ್, ಉಣುಗು ಕಚ್ಚೋದ್ರಿಂದ ಬರೋದು, ಮೈಕ್ರೋಗೂ ಪಿಎಸ್‌ಎಂಗೂ ಸೇರಿದ ಟಾಪಿಕ್, ಮಲೆನಾಡಿನವ್ರಿಗೆ ಓದದೇನೇ ಅರ್ಧ ಗೊತ್ತಿರುತ್ತೆ.

ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ 51 ಮಾರ್ಕ್ಸಿಗೆ ಬರೋಣ. ಪೂರ್ತಿ ಓದಬೇಡಿ, ಕ್ಲಿನಿಕಲ್‌ಗೆ ಅಂಟಿಕೊಂಡಿರೋದನ್ನ ಕಿತ್ಕೊಂಡು ಓದಿ. ಅನಾಟಮೀಲಿ ಬ್ರೇಕಿಯಲ್ ಪ್ಲೆಕ್ಸಸ್ ಮತ್ತೆ ನರ್ವ್ ಪೆಟ್ಟುಗಳು, ಕ್ರೇನಿಯಲ್ ನರ್ವ್ಸ್, ಎಂಬ್ರಿಯಾಲಜಿಯಲ್ಲಿ ಯಾವುದು ಯಾವುದರಿಂದ ಹುಟ್ಟುತ್ತೆ, ಇಂಗ್ವೈನಲ್ ಕೆನಾಲ್. ಫಿಸಿಯಾಲಜೀಲಿ ಕಾರ್ಡಿಯಾಕ್ ಸೈಕಲ್, ಲಂಗ್ ವಾಲ್ಯೂಮ್, ಕಿಡ್ನಿ, ಆಕ್ಷನ್ ಪೊಟೆನ್ಷಿಯಲ್. ಬಯೋಕೆಮಿಸ್ಟ್ರೀಲಿ ವಿಟಮಿನ್ ಕೊರತೆಗಳು, ಸ್ಟೋರೇಜ್ ಡಿಸೀಸ್‌ಗಳ ಎನ್‌ಜೈಮ್, ರೇಟ್ ಲಿಮಿಟಿಂಗ್ ಎನ್‌ಜೈಮ್‌ಗಳು. ಮೂರಕ್ಕೂ ಸೇರಿ ಎರಡೂವರೆ ವಾರ ಸಾಕು, ಅದನ್ನ ಪ್ಲ್ಯಾನ್‌ನ ಮಧ್ಯದಲ್ಲಿ ಹಾಕ್ಕೊಳ್ಳಿ, ಮೊದಲಲ್ಲಿ ಬೇಡ.

5 ಮಾರ್ಕ್ಸ್ ಸಬ್ಜೆಕ್ಟ್ ಆರಕ್ಕೆ ತಲಾ ಒಂದೂವರೆ ಎರಡು ದಿನಕ್ಕಿಂತ ಜಾಸ್ತಿ ಕೊಡಬೇಡಿ. ಪಿಜಿ ಕೋಚಿಂಗ್ ವೀಡಿಯೋಗಳಲ್ಲಿ ಆರ್ಥೋ ಒಂದೇ ಎಷ್ಟೋ ಗಂಟೆ ಇರುತ್ತೆ, ಚೆನ್ನಾಗೂ ಇರುತ್ತೆ, ಕೂತ್ರೆ ವಾರ ಹೋಗುತ್ತೆ. ರೇಡಿಯೋಥೆರಪಿ ಅಂತೂ ಯಾರೂ ಓದಲ್ಲ, ಒಂದು ದಿನದ ಕೆಲಸ, ಓದ್ಬಿಡಿ.

ಐದು ತಿಂಗಳು ಇದ್ರೆ ಮೊದಲ ಮೂರರಲ್ಲಿ ಒಂದು ಸುತ್ತು, ಆಮೇಲೆ ಒಂದೂವರೆ ತಿಂಗಳಲ್ಲಿ ಎರಡನೇ ಸುತ್ತು, ಉಳಿದಿದ್ದು ಮಾಕ್ ಮತ್ತೆ ತಪ್ಪಾದ ಪ್ರಶ್ನೆಗಳ ನೋಟ್‌ಬುಕ್. ಆರು ವಾರ ಮಾತ್ರ ಇದೆ ಅಂದ್ರೆ ಹೊಸ ವೀಡಿಯೋ ಶುರು ಮಾಡಬೇಡಿ, ಪಿಎಸ್‌ಎಂ, ಫೊರೆನ್ಸಿಕ್, ಇಎನ್‌ಟಿ, ಆಫ್ತಾಲ್ ಎರಡು ವಾರದಲ್ಲಿ ಮುಗಿಸಿ, ಮೂರು ವಾರ ಮೆಡಿಸಿನ್ ಸರ್ಜರಿ ಒಬಿಜಿ ಪೀಡ್ಸ್‌ಗೆ ಪ್ರಶ್ನೆ ಮಾಡ್ತಾನೇ ಓದಿ, ಅದ್ರ ಜೊತೆ ಫಾರ್ಮಾ ಮೈಕ್ರೋ ಪೆಥಾಲಜಿ ಬಂದ್ಬಿಡುತ್ತೆ, ಕೊನೇ ವಾರ ರಿವಿಷನ್. ಹಿಂದಿನ ಸಲ 130, 140ಕ್ಕೆ ನಿಂತವ್ರು ಮತ್ತೆ ಮೊದಲ ಪುಟದಿಂದ ಶುರು ಮಾಡೋದು ಬೇಡವೇ ಬೇಡ, ನಿಮಗೆ ಕಮ್ಮಿ ಇರೋದು ಹತ್ತಿಪ್ಪತ್ತು ಮಾರ್ಕ್ಸು, ಅದು ಎರಡು ಆಪ್ಷನ್ ಮಧ್ಯೆ ಒದ್ದಾಡಿದ ಟಾಪಿಕ್‌ಗಳಲ್ಲೇ ಇದೆ, ಮಾಕ್ ಬರೆದು ಅವನ್ನೇ ಹುಡುಕಿ. ಮನೆಯವ್ರು, ನೆಂಟ್ರು ಕೇಳ್ತಾ ಇರ್ತಾರೆ ಅಂತ ಅವಸರಕ್ಕೆ ಕೋಚಿಂಗ್‌ಗೆ ಹೆಸರಾದ ಡೆಲ್ಲಿ ಗೌತಮ್ ನಗರಕ್ಕೆ ರೂಮ್ ಮಾಡ್ಕೊಂಡು ಹೋಗೋದೇ ಪರಿಹಾರ ಅಲ್ಲ, ಮನೇಲಿ ಓದೋಕೆ ಜಾಗ ಇದ್ರೆ ಈ ಕೆಲಸ ಮನೇಲೂ ಆಗುತ್ತೆ.

ಕೊನೇ ಹತ್ತು ದಿನಕ್ಕೆ ಬೇಗ ಮರೆತುಹೋಗೋದನ್ನ ಮಾತ್ರ ಇಟ್ಕೊಳ್ಳಿ, ಪಿಎಸ್‌ಎಂ ಅಂಕಿಗಳು, ಬಿಎನ್‌ಎಸ್ ಸೆಕ್ಷನ್‌ಗಳು, ಕ್ಯಾನ್ಸರ್ ಸ್ಟೇಜಿಂಗ್, ಡ್ರಗ್ ಆಫ್ ಚಾಯ್ಸ್, ಆಂಟಿಡೋಟ್, ಎಕ್ಸ್‌ರೇ ಇಸಿಜಿ ಫಂಡಸ್ ಇನ್‌ಸ್ಟ್ರುಮೆಂಟ್ ಚಿತ್ರಗಳು.

ಎಕ್ಸಾಮ್ ಹಾಲ್‌ನಲ್ಲೂ ಆದ್ಯತೆ ಲೆಕ್ಕ ಇದೆ. ಈಗ ಒಂದೊಂದು ಪಾರ್ಟನ್ನ 50 ಪ್ರಶ್ನೆ 50 ನಿಮಿಷದ ಸೆಕ್ಷನ್‌ಗಳಾಗಿ ಮಾಡಿದಾರೆ, ಆ ಸೆಕ್ಷನ್ ಟೈಮ್ ಮುಗಿದ್ಮೇಲೆ ವಾಪಸ್ ಬರೋಕಾಗಲ್ಲ, ಆಮೇಲೆ ನೋಡ್ತೀನಿ ಅನ್ನೋ ಮಾತು ಆ ಐವತ್ತು ನಿಮಿಷದೊಳಗೆ ಮಾತ್ರ. ಹಾಗಾಗಿ ಮನೇಲಿ ಮಾಕ್ ಬರೆಯೋವಾಗ್ಲೂ ಹೀಗೇ ಐವತ್ತರ ಲೆಕ್ಕದಲ್ಲಿ ಟೈಮರ್ ಇಟ್ಟು ಬರೀರಿ. ಮೊದಲ 35 ನಿಮಿಷದಲ್ಲಿ ಗೊತ್ತಿರೋದೆಲ್ಲಾ ಮುಗಿಸಿ, ಒದ್ದಾಟದ ಪ್ರಶ್ನೆಗೆ ಆಗ ತೋಚಿದ ಉತ್ತರ ಟಿಕ್ ಮಾಡೇ ರಿವ್ಯೂಗೆ ಗುರುತು ಹಾಕಿ ಮುಂದೆ ಹೋಗಿ, ಮುಂದಿನ 12 ನಿಮಿಷ ಅವುಗಳಿಗೇ ಕೊಡಿ, ಕೊನೇ 3 ನಿಮಿಷದಲ್ಲಿ ಖಾಲಿ ಉಳಿದಿರೋ ಪ್ರಶ್ನೆ ಒಂದೂ ಬಿಡದ ಹಾಗೆ ಏನಾದ್ರೂ ಒಂದು ಟಿಕ್ ಮಾಡಿ.